ಹೆಬ್ಬೆರಳು ಎತ್ತಿದ ಮುಳುಗುಗಾರ

ಮುರುಡೇಶ್ವರದಿಂದ ಬೋಟಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಸ್ಕೂಬಾ ಡೈವಿಂಗ್ ಮುಗಿಸಿಕೊಂಡು ಮೊಮ್ಮಗ ಸೋಮವಾರ ಕೆಂಕೆರೆಗೆ ಬಂದ. ಅಜ್ಜ ಜಗಲಿಯಲ್ಲಿ ಕಾಯಿ ಕಿವಿ ಹತ್ತಿರ ಹಿಡಿದು ಕುಲುಕುತ್ತಿದ್ದ. ಗಟಗುಟ್ಟಿದರೆ ಕೊಬ್ಬರಿ ಆಗಿದೆ ಅಂತ ಲೆಕ್ಕ.

“ಎಷ್ಟು ದೂರಲಾ?”

“ದಡದಿಂದ ಹತ್ತಿರ ಹತ್ತಿರ 19 ಕಿಲೋಮೀಟರ್.”

“ದಾರೀಲಿ ಏನ್ ನೋಡ್ದೆ?”

“ಬೆಳಗ್ಗೆ ತಿಂದಿದ್ದ ಇಡ್ಲೀನ.”

“ಆಮೇಲೆ?”

“ಮುಳುಗೋಕೆ ಸೊಂಟಕ್ಕೆ ಸೀಸ ಕಟ್ತಾರೆ. ಇಲ್ದಿದ್ರೆ ತೇಲ್ತೀವಿ.”

“ಬುರುಡೆ ಟೊಳ್ಳಿದ್ರೆ ತೇಲದೇ ಇನ್ನೇನು. ಬೆನ್ನಿಗೆ?”

“ಸಿಲಿಂಡರ್. ಆಕ್ಸಿಜನ್ ಅಲ್ಲಜ್ಜ, ನಾವು ಉಸಿರಾಡೋ ಗಾಳೀನೇ ಒತ್ತಿ ತುಂಬಿರ್ತಾರೆ.”

“ತೋಟದಲ್ಲಿ ಬಿಟ್ಟಿ ಸಿಗೋದು ಅನ್ನು.”

“ಕೆಳಗಿಳಿದಂಗೆ ಕಿವಿ ಒತ್ತುತ್ತೆ, ಮೂಗು ಹಿಡಿದು ಊದಬೇಕು. ಉಸಿರು ಮಾತ್ರ ಕಟ್ಟಬಾರದು. ಮಾತಿಲ್ಲ, ಬರೀ ಸನ್ನೆ. ಮೀನಿನ ಹಿಂಡು ಕಂಡ್ತು, ಖುಷೀಲಿ ಹೆಬ್ಬೆರಳು ಎತ್ತಿದೆ. ಎಳ್ಕೊಂಡು ಮೇಲಕ್ಕೆ ತಂದುಬಿಟ್ರು!”

“ಯಾಕ್ಲಾ?”

“ನೀರೊಳಗೆ ಹೆಬ್ಬೆರಳು ಅಂದ್ರೆ ‘ಮೇಲಕ್ಕೆ ಹೋಗೋಣ’ ಅಂತ. ಚೆನ್ನಾಗಿದೆ ಅನ್ನೋಕೆ ಬೆರಳು ಸುತ್ತಿ ಸೊನ್ನೆ ತೋರಿಸ್ಬೇಕಂತೆ.”

“ದುಡ್ಡು ಕೊಟ್ಟು ಸೊನ್ನೆ. ಎಷ್ಟು ಆಳ ಇಳಿದೆ?”

“ಮೂವತ್ತು ಅಡಿ.”

“ನಮ್ಮ ಬೋರ್‌ವೆಲ್ 900 ಅಡಿ ಇಳಿದದೆ. ಅದೂ ಸೊನ್ನೇನೇ ತೋರಿಸ್ತದೆ.”

ಮೊಮ್ಮಗ ಫೋನ್ ತೆಗೆದ. ವಿಡಿಯೋದಲ್ಲಿ ಮೂರು ನಿಮಿಷ ಗುಳ್ಳೆ, ಒಂದು ಕ್ಷಣ ಹಳದಿ ಮೀನಿನ ಬಾಲ.

“ಸಾಕು. ಅಟ್ಟ ಹತ್ತು. ಹನ್ನೊಂದು ತಿಂಗಳಿಂದ ಕಾಯಿ ಉಸಿರು ಕಟ್ಕೊಂಡು ಕೂತವೆ. ತಿಪಟೂರಿಗೆ ಹಾಕ್ಬೇಕು.”

ಅಟ್ಟದ ಏಣಿಗೆ ಹನ್ನೆರಡು ಮೆಟ್ಟಿಲು. ಏಳನೆಯದರಲ್ಲಿ ಸಮುದ್ರವೀರ ತಲೆಸುತ್ತಿ, ಹೆಬ್ಬೆರಳು ಕೆಳಕ್ಕೆ ತೋರಿಸಿದ.