ಫಿಯಟ್ ರಾಯರ ಇತ್ಯರ್ಥ

ಫಿಯಟ್ ರಾಯರು ಮೈಸೂರಿನ ಸರಸ್ವತಿಪುರಂನಲ್ಲಿದ್ದಾರೆ, ಬೆಂಗಳೂರಿನ ಮಲ್ಲೇಶ್ವರದಲ್ಲಿದ್ದಾರೆ, ಶಿವಮೊಗ್ಗದ ದುರ್ಗಿಗುಡಿಯಲ್ಲೂ ಇದ್ದಾರೆ. ಅವರು ರಾಯರೇ ಆಗಿರಬೇಕೆಂದಿಲ್ಲ. ಗೌಡರೋ ಶೆಟ್ಟರೋ ಪಾಟೀಲರೋ ಆಗಿರಬಹುದು. ಗುರುತು ಒಂದೇ. ಕಾಂಪೌಂಡಿನೊಳಗೆ ಮಾಸಿದ ಹೊದಿಕೆ, ಹೊದಿಕೆಯ ಒಳಗೆ 1986ರ ಪ್ರೀಮಿಯರ್ ಪದ್ಮಿನಿ, ಹೊದಿಕೆಯ ಹೊರಗೆ "ಈ ವರ್ಷ ಏನಾದ್ರೂ ಒಂದು ಇತ್ಯರ್ಥ ಮಾಡಿಬಿಡಬೇಕು ಕಣ್ರೀ" ಎನ್ನುವ ನಿವೃತ್ತರು. ಅದನ್ನು ಪದ್ಮಿನಿ ಎಂದು ಕರೆದವರು ಆರ್.ಸಿ. ಪುಸ್ತಕ ಬರೆದ ಗುಮಾಸ್ತರು ಮಾತ್ರ. ಮಿಕ್ಕವರಿಗೆಲ್ಲ ಅದು ಫಿಯಟ್ಟೇ.

ಇತ್ಯರ್ಥಕ್ಕೆ ಇರುವ ದಾರಿ ಮೂರು: ಪೂರ್ತಿ ಬಿಚ್ಚಿ ಹೊಸದರಂತೆ ಮಾಡಿಸುವುದು, ಮಾರುವುದು, ಇಲ್ಲವೇ ಇದ್ದ ಹಾಗೇ ಓಡಿಸಿಕೊಂಡಿರುವುದು. ಎದುರಿಗಿದ್ದವರು ಯಾವ ದಾರಿಗೆ ತಲೆದೂಗುತ್ತಾರೋ ಆ ದಾರಿಯನ್ನು ರಾಯರು ಆ ಕ್ಷಣವೇ ಬಿಡುತ್ತಾರೆ. "ಮಾರಿಬಿಡಿ ಸಾರ್" ಅಂದಿರೋ, ಕೆಟ್ಟಿರಿ. "ಇದು 1089 ಸಿಸಿ ಎಂಜಿನ್ನು. ಚಾಮುಂಡಿ ಬೆಟ್ಟಾನ ನಗ್ತಾ ಹತ್ತಿದ ಗಾಡಿ ಇದು. ನಿಮ್ಮ ಪ್ಲಾಸ್ಟಿಕ್ ಬಂಪರಿಗೆ ಸೈಕಲ್ ತಾಗಿದ್ರೂ ಸಾವಿರಾರು ರೂಪಾಯಿ ಬಿಲ್ಲು!" ಹೆದರಿ "ಹಾಗಾದ್ರೆ ಇಟ್ಕೊಳ್ಳಿ" ಎಂದರೆ ಮುಖ ಸಪ್ಪಗಾಗುತ್ತದೆ. "ಇಟ್ಕೊಂಡು ಏನ್ ಮಾಡ್ಲಿ? ತಳ ತೂತು ಬಿದ್ದಿದೆ, ಮಳೆ ಬಂದ್ರೆ ಪಾದಪೂಜೆ. ಸೆಲ್ಫ್ ತಗೊಳ್ಳೋದು ಅದಕ್ಕೆ ಮನಸ್ಸು ಬಂದಾಗ." ಸರಿ, ಮಾಡಿಸಿಬಿಡಿ ಎಂದು ಕೊನೆಯ ಅಸ್ತ್ರ ಬಿಟ್ಟರೆ, "ಗಾಡಿ ಬೆಲೆಯ ನಾಲ್ಕು ಪಟ್ಟು ಖರ್ಚು. ನನಗೇನು ತಲೆ ಕೆಟ್ಟಿದೆಯೆ?" ನೀವು ಸುಸ್ತಾಗಿ ಹೊರಡುತ್ತೀರಿ. ರಾಯರು ಗೆಲುವಾಗಿ ಮುಂದಿನ ದಾರಿಹೋಕರಿಗಾಗಿ ಗೇಟಿನ ಬಳಿ ನಿಲ್ಲುತ್ತಾರೆ.

ಮಾಡಿಸುವ ವಿಚಾರ ಗ್ಯಾರೇಜಿನ ಮೇಸ್ತ್ರಿಯ ಒಂದೇ ಮಾತಿಗೆ ಸಿಕ್ಕಿ ವರ್ಷಗಳಿಂದ ನಿಂತಿದೆ. "ಎಂಜಿನ್ ಇಳಿಸೋಣ ಅಂದ್ರೆ ಬಾಡಿ ತಡೆಯಲ್ಲ ಸ್ವಾಮಿ, ಬಾಡಿ ಟಿಂಕರಿಂಗ್ ಮಾಡೋಣ ಅಂದ್ರೆ ಎಂಜಿನ್ ತಡೆಯಲ್ಲ." ಹಾಗೆಂದು ಕೆಲಸ ನಿಂತಿಲ್ಲ. ಒಂದು ಸಲ ಕಾರ್ಬುರೇಟರ್, ಇನ್ನೊಂದು ಸಲ ಪಾಯಿಂಟು, ಮತ್ತೊಂದು ಸಲ ಪೆಟ್ರೋಲ್ ಪೈಪು. ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆತ ಮೇಲೆ ಹಳೇ ರಬ್ಬರೆಲ್ಲ ಬೇಗ ಹಾಳಾಗುತ್ತದೆಂದು ಮೇಸ್ತ್ರಿ ಹೇಳಿದಾಗಿನಿಂದ ರಾಯರು ಕೇಂದ್ರ ಸರ್ಕಾರದ ಮೇಲೆ ವೈಯಕ್ತಿಕವಾಗಿ ಮುನಿಸಿಕೊಂಡಿದ್ದಾರೆ. ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಬೇಕು. ರಾಯರು ರೈಲಿನಲ್ಲಿ ಹೋಗಿ ಬರುತ್ತಾರೆ. ಕಾರಿನಲ್ಲಿ ಯಾಕೆ ಹೋಗಲಿಲ್ಲ ಎಂದು ಕೇಳುವುದು ಸಭ್ಯತೆಯಲ್ಲ.

ಮಾರುವ ಪ್ರಕರಣ ಇನ್ನೂ ಸ್ವಾರಸ್ಯದ್ದು. ವೈಟ್‌ಫೀಲ್ಡಿನಲ್ಲಿರುವ ಮಗ ಫೋನಿನಲ್ಲಿ ಗುಜರಿ ನೀತಿ ವಿವರಿಸಿದ. 2021ರ ನೀತಿಯಂತೆ ಗಾಡಿಯನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ಹೊಸ ಗಾಡಿಯ ಶೋರೂಂ ಬೆಲೆಯ ಶೇ 4ರಿಂದ 6ರಷ್ಟು ಸಿಗುತ್ತದೆ. ಮುಂದಿನ ಕಾರಿನ ರಸ್ತೆ ತೆರಿಗೆಯಲ್ಲೂ ರಿಯಾಯಿತಿ. ರಾಯರು ಶಾಂತವಾಗಿ ಕೇಳಿದರು: "ಹೊಸ ಫಿಯಟ್ಟಿನ ಬೆಲೆ ಎಷ್ಟಪ್ಪಾ ಈಗ? ಯಾವ ಶೋರೂಮಲ್ಲಿದೆ ಹೇಳು, ಇವತ್ತೇ ಹೋಗಿ ವಿಚಾರಿಸ್ತೀನಿ." ಅದರ ತಯಾರಿಕೆ ನಿಂತು ಕಾಲು ಶತಮಾನವಾಗಿದೆ. ಮಗ ಮೀಟಿಂಗ್ ಇದೆಯೆಂದು ಫೋನಿಟ್ಟ.

ಕೊಳ್ಳುವವರೂ ಬಂದರು. ಒಬ್ಬ ಹೋಟೆಲಿನವನು ಗಾಡಿಯನ್ನು ಅರ್ಧಕ್ಕೆ ಕೊಯ್ದು ಸೋಫಾ ಮಾಡುವೆನೆಂದು ಬಾಯಿ ಬಿಟ್ಟ. ಕಾಫಿ ಬರುವ ಮೊದಲೇ ಅವನನ್ನು ಎಬ್ಬಿಸಲಾಯಿತು. ಇನ್ನೊಬ್ಬ ಹುಡುಗ ಕುಳಿತ ಕೂಡಲೇ ಎರಡು ಸೀಟಿನ ನಡುವೆ ಗೇರಿಗಾಗಿ ತಡಕಾಡಿದ. ಗೇರು ಸ್ಟೀರಿಂಗಿನ ಪಕ್ಕದಲ್ಲಿರುತ್ತದೆಂದು ಗೊತ್ತಿಲ್ಲದವನ ಹತ್ತಿರ ರಾಯರು ಬೆಲೆಯನ್ನೇ ಎತ್ತಲಿಲ್ಲ. ಕೊನೆಗೊಬ್ಬ ಬಂದ. ಚೋಕ್ ಎಳೆದ ರೀತಿಯೇ ಬೇರೆ. ಬಿಸಿಲಿಗೆ ಗಾಡಿ ನಿಂತಾಗ ಏನೂ ಕೇಳದೆ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದ. ರಾಯರ ಕಣ್ಣು ತುಂಬಿತು. ಹೇಳಿದ ಬೆಲೆಗೆ ಅವನು ತಕರಾರಿಲ್ಲದೆ ಒಪ್ಪಿಯೂ ಬಿಟ್ಟ. ಅಲ್ಲೇ ಎಡವಟ್ಟಾಯಿತು. "ಚೌಕಾಸಿನೇ ಮಾಡಲಿಲ್ಲ! ಅಂದ್ರೆ ಇದರಲ್ಲಿ ನಮಗೆ ಗೊತ್ತಿಲ್ಲದ ಬೆಲೆ ಏನೋ ಇದೆ" ಎಂದು ಆ ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಅಡ್ವಾನ್ಸ್ ವಾಪಸು ಕೊಟ್ಟರು.

ಉಳಿದದ್ದು ಓಡಿಸುವುದು. ನೆಂಟರ ಮದುವೆಗೆ ಹೊರಟು, ಅಕ್ಷತೆ ಬೀಳುವ ಹೊತ್ತಿಗೆ ನಂಜನಗೂಡು ರಸ್ತೆಯಲ್ಲಿ ರೇಷ್ಮೆ ಸೀರೆಯಲ್ಲಿ ಗಾಡಿ ತಳ್ಳಿದ ಮೇಲೆ ಮನೆಯಾಕೆ ಶುಭಕಾರ್ಯಗಳಿಗೆಲ್ಲ ಆಟೋ ಗೊತ್ತುಮಾಡಿಕೊಂಡಿದ್ದಾರೆ. ಆದರೂ ಭಾನುವಾರ ಬೆಳಿಗ್ಗೆ ಬಂಕಿಗೆ ಒಂದು ಸವಾರಿ ಉಂಟು. ಅಲ್ಲಿ ಯಾರಾದರೂ ಒಬ್ಬರು "ಸಾರ್, ಕೊಡ್ತೀರಾ?" ಎಂದೇ ಎನ್ನುತ್ತಾರೆ. "ಇಲ್ಲಪ್ಪ" ಎನ್ನುವ ಸುಖ ಮುಂದಿನ ಭಾನುವಾರದವರೆಗೆ ಸಾಕಾಗುತ್ತದೆ. ಆ ಮಾತು ಕೇಳಲಿಕ್ಕಾಗಿಯೇ ಅರ್ಧ ಟ್ಯಾಂಕಿಗಿಂತ ಹೆಚ್ಚು ತುಂಬಿಸುವುದಿಲ್ಲವೆಂಬ ಗುಮಾನಿ ನನ್ನದು.

ಮುಂಬಯಿಯ ಫಿಯಟ್ ಟ್ಯಾಕ್ಸಿಗಳು 2023ರ ಅಕ್ಟೋಬರ್ 30ರಂದು ರಸ್ತೆಯಿಂದ ಮರೆಯಾದ ಸುದ್ದಿ ಓದಿ ರಾಯರು ಎರಡು ದಿನ ಸೂತಕದಲ್ಲಿದ್ದರು. ಆಮೇಲೆ ನೋಂದಣಿ ನವೀಕರಣದ ಚಿಂತೆ ಹತ್ತಿತು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲೇ 5,000ಕ್ಕೆ ಏರಿತ್ತು. ಆ ನಿಯಮಗಳನ್ನು ಕೆದಕುವಾಗಲೇ ಅವರಿಗೆ ನಾಲ್ಕನೆಯ ದಾರಿ ಕಂಡದ್ದು: ವಿಂಟೇಜ್! 50 ವರ್ಷ ದಾಟಿ ಮೂಲರೂಪ ಕೆಡದ ಗಾಡಿಗೆ, 20,000 ರೂಪಾಯಿ ಕಟ್ಟಿದರೆ, 'ವಿಎ' ಅಕ್ಷರದ ಹೊಸ ನಂಬರು.

ಕನ್ನಡಕ ಏರಿಸಿಕೊಂಡು ಅಡುಗೆಮನೆಗೇ ಬಂದರು. "ನೋಡೇ, 2036ಕ್ಕೆ ನಮ್ಮದು ವಿಂಟೇಜ್. ಅಲ್ಲೀತನಕ ಮಾರೋದೂ ಬೇಡ, ಬಿಚ್ಚೋದೂ ಬೇಡ. ಒಂದೇ ತೊಡಕು. ಆಮೇಲೆ ದಿನನಿತ್ಯ ಓಡಿಸೋ ಹಾಗಿಲ್ಲವಂತೆ. ಪ್ರದರ್ಶನ, ರ‍್ಯಾಲಿ ಬಿಟ್ರೆ ಪೆಟ್ರೋಲ್ ಹಾಕಿಸೋಕೆ, ರಿಪೇರಿ ಮಾಡಿಸೋಕೆ ಮಾತ್ರ ರೋಡಿಗೆ ಇಳಿಸಬಹುದಂತೆ."

ಆಕೆ ಒಗ್ಗರಣೆಯಿಂದ ತಲೆ ಎತ್ತಲಿಲ್ಲ. "ಈಗ ಇನ್ಯಾತಕ್ಕೆ ಇಳಿಸ್ತಿದ್ದೀರಿ?"