ಕಾರ್ಡ್ ಒಲ್ಲೆ ಅಂತೈತ್ರಿ

ಬೆಟಗೇರಿಯ ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ನನ್ನಾಕೆ ನಲವತ್ತು ಸೀರೆ ಬಿಡಿಸಿ, ಕೊನೆಗೆ ಮೊದಲು ನೋಡಿದ್ದನ್ನೇ ಗಟ್ಟಿ ಮಾಡಿದಳು. 4,850 ರೂಪಾಯಿ. ಬದಲಾಗಿ ಬಂದಿದ್ದ ಹೊಸ ಕ್ರೆಡಿಟ್ ಕಾರ್ಡನ್ನು ನಾನು ಗತ್ತಿನಿಂದ ಚಾಚಿದೆ. 5,000ದವರೆಗೆ ಪಿನ್ ಒತ್ತುವ ತಾಪತ್ರಯವೂ ಇಲ್ಲ ನೋಡಿ, ಹುಡುಗ ಮಶಿನ್ನಿಗೆ ಸುಮ್ಮನೆ ಮುಟ್ಟಿಸಿದ. ಅದು ಹಲ್ಲಿಯ ಹಾಗೆ ಲೊಚಗುಟ್ಟಿತು.

‘ಕಾರ್ಡ್ ಒಲ್ಲೆ ಅಂತೈತ್ರಿ ಸರ್ರ,’ ಎಂದ, ಇಡೀ ಅಂಗಡಿಗೆ ಕೇಳುವಂತೆ.

ಪರದೆಯ ಮೇಲೆ 57 ಎಂಬ ಅಂಕಿ. ಈಗ ಕಾರ್ಡ್ ಒಳಗೆ ತುರುಕಿ ಪಿನ್ ಒತ್ತಿರಿ ಎಂದ. ಒತ್ತಿದೆ. 55. ಮತ್ತೆ ಒತ್ತಿದೆ, ಹಳೆಯ ಲೂನಾದ ನಂಬರು. ಮೂರನೆಯ ಸಲಕ್ಕೆ ಕಾರ್ಡೇ ಬೀಗ ಹಾಕಿಕೊಂಡಿತು. ‘ಲಗ್ನ ಆದ ವರ್ಷ ಇಟ್ಟಿರಬೇಕಂತ ಮಾಡಿದ್ನಿ,’ ಎಂದಳು ನನ್ನಾಕೆ, ಸೀರೆಯ ಸೆರಗು ಸವರುತ್ತ.

ಆಮೇಲೆ ಗ್ರಾಹಕ ಸೇವೆಯ ಹುಡುಗಿಯಿಂದ ತಿಳಿಯಿತು: 57 ಎಂದರೆ ಈ ಬಗೆಯ ವ್ಯವಹಾರಕ್ಕೆ ಪರವಾನಗಿ ಇಲ್ಲ, 55 ತಪ್ಪು ಪಿನ್, 54 ಅವಧಿ ತೀರಿದ ಕಾರ್ಡ್, 51 ಮಿತಿ ಸಾಲದು. 2020ರ ಅಕ್ಟೋಬರ್ 1ರಿಂದ ಹೊಸದಾಗಿ ಬರುವ ಕಾರ್ಡಿನಲ್ಲಿ ಮುಟ್ಟಿಸುವ, ಆನ್‌ಲೈನ್ ಮತ್ತು ವಿದೇಶದ ಬಾಗಿಲುಗಳನ್ನು ನಾವೇ ತೆರೆದುಕೊಳ್ಳಬೇಕಂತೆ. ಬ್ಯಾಂಕಿನ ಆ್ಯಪಿನಲ್ಲಿ ಒಂದು ಗುಂಡಿ ಸರಿಸಿ, ಹೊಸ ಪಿನ್ ಇಟ್ಟುಕೊಂಡರೆ ಮುಗಿಯಿತು. ಆದರೆ ಅಂಗಡಿಯಲ್ಲಿ ಇದನ್ನು ಯಾರಿಗೆ ಹೇಳುವುದು? ನೋಡುವವರ ಕಣ್ಣಿಗೆ ಎಲ್ಲವೂ ಐವತ್ತೊಂದೇ. ಪಕ್ಕದಲ್ಲಿ ಕೂತಿದ್ದ ಶಿರಹಟ್ಟಿಯ ಹೆಣ್ಣುಮಗಳು ನನ್ನಾಕೆಯ ಕಡೆ ಮರುಕದಿಂದ ನೋಡಿದ್ದನ್ನು ಯಾವ ಆ್ಯಪು ಸರಿಪಡಿಸೀತು?

ಮುಂಡರಗಿಯ ನನ್ನ ಷಡ್ಡಕನದು ಇನ್ನೊಂದು ಕಥೆ. ರೊಕ್ಕ ಕಟ್ಟಾಗಿತ್ತು, ಅಂಗಡಿಯ ಮಶಿನ್ನಿಗೆ ಸುದ್ದಿಯೇ ಮುಟ್ಟಿರಲಿಲ್ಲ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಐದು ದಿನದೊಳಗೆ ಅದು ತಾನಾಗಿ ಮರಳಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆತ ಆರನೆಯ ದಿನಕ್ಕಾಗಿ ಆಸೆಯಿಂದ ಕಾದ. ಪಾಪ, ಐದನೆಯ ದಿನವೇ ಬಂದುಬಿಟ್ಟಿತು.

ಇತ್ತ ಬೆಟಗೇರಿಯಲ್ಲಿ, ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಂಗಡಿಯ ಹಿರಿಯರು ತಲೆ ಎತ್ತಿದರು. ‘ಯಾವೂರ್ರಿ?’ ಲಕ್ಷ್ಮೇಶ್ವರ ಎಂದೆ. ‘ಯಾರ ಪೈಕಿ?’ ಅಪ್ಪನ ಹೆಸರು ಹೇಳಿದೆ. ‘ಕನ್ನಡ ಸಾಲಿ ಮಾಸ್ತರ ಮಗಾ ಏನ್ರಿ? ಮೊದ್ಲ ಹೇಳಬಾರದ? ಒಯ್ರಿ ಸೀರಿ.’ ಕೆಂಪು ವಹಿ ತೆರೆದು ನನ್ನ ಹೆಸರು ಬರೆದೇಬಿಟ್ಟರು, ‘ಉದ್ರಿ ಕೇಳಬೇಡಿ’ ಎಂಬ ಫಲಕದ ಕೆಳಗೇ ಕೂತು. ಓಟಿಪಿ ಇಲ್ಲ, ಪಿನ್ ಇಲ್ಲ. ಇಲ್ಲೇ ಸನಿಹದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊಟ್ಟಮೊದಲ ಪತ್ತಿನ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದಾಗಲೂ ಸಾಲಗಾರನ ಪರೀಕ್ಷೆ ಹೆಚ್ಚುಕಡಿಮೆ ಹೀಗೇ ನಡೆದಿದ್ದೀತು.

ಎರಡು ದಿನ ಬಿಟ್ಟು ಗುಂಡಿ ಸರಿಸಿಕೊಂಡು ಹೋದೆ. ಕಾರ್ಡ್ ಮುಟ್ಟಿಸುತ್ತಲೇ ಚೀಟಿ ಹೊರಬಿತ್ತು. ನಾನು ಎದೆಯುಬ್ಬಿಸಿ ಸುತ್ತ ನೋಡಿದೆ. ಹಿರಿಯರು ವಹಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆಯುತ್ತ ಮೆಲ್ಲಗೆ ಕೇಳಿದರು:

‘ಪಗಾರ ಆತೇನ್ರಿ?’