ಬ್ಯಾಟರಿ ಸ್ವಯಂವರ

ಅಬ್ಬಿಗೆರೆಯಲ್ಲಿ ಕಾರಿನ ಬ್ಯಾಟರಿ ಸತ್ತರೆ ಸಂತಾಪಕ್ಕಿಂತ ಮೊದಲು ಸಲಹೆ ಬರುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶ ಹತ್ತಿರವಿರುವುದರಿಂದ ನಮ್ಮಲ್ಲಿ ಮನೆಗೊಬ್ಬ ಫ್ಯಾಕ್ಟರಿ ಅನುಭವಿ. "ಕಣ್ಮುಚ್ಕೊಂಡು ಎಕ್ಸೈಡ್ ಹಾಕ್ಸಿ ಸಾರ್" ಎಂದು ಎದುರುಮನೆಯವರು. "ಅಮರಾನ್ ಬಿಟ್ಟು ಬೇರೆ ಮಾತೇ ಬೇಡ" ಎಂದು ಮೇಲ್ಮನೆಯವರು. ನನ್ನ ಮದುವೆಗೂ ಇಷ್ಟು ಜಾತಕ ನೋಡಿರಲಿಲ್ಲ.

ಅಂಗಡಿ ಹುಡುಗ ಮಲ್ಟಿಮೀಟರ್ ಇಟ್ಟು, "ಹನ್ನೊಂದೂವರೆ ವೋಲ್ಟ್, ಅಂಕಲ್. ಖಾಲಿ" ಎಂದ. ಪೂರ್ತಿ ಚಾರ್ಜಾದದ್ದು 12.6 ತೋರಿಸಬೇಕು. ಅಂಕಲ್ ಅಂದದ್ದಕ್ಕೆ ನನ್ನ ವೋಲ್ಟೇಜೂ ಕೊಂಚ ಇಳಿಯಿತು. ಇರಲಿ ಎಂದು ದೊಡ್ಡ ಬ್ಯಾಟರಿಯೊಂದರ ಮೇಲೆ ಗತ್ತಿನಿಂದ ಕೈಯಿಟ್ಟೆ. ಅದು ಕಾರಿನ ಟ್ರೇಯಲ್ಲಿ ಕೂರುವುದೇ ಇಲ್ಲವಂತೆ, ಪ್ಲಸ್ಸೂ ಮೈನಸ್ಸೂ ಅದಲುಬದಲು. ತಯಾರಾದ ತಿಂಗಳು ನೋಡಿ ಎಂದು ನೆರೆಯವರು ಹೇಳಿದ್ದರು; ಮಾರಾಟವಾಗದೆ ಕೂತ ಬ್ಯಾಟರಿಯೂ ಒಳಗೊಳಗೇ ಸೊರಗುತ್ತದಂತೆ. ಕನ್ನಡಕ ಏರಿಸಿ, ಮೊಬೈಲ್ ಟಾರ್ಚ್ ಬಿಟ್ಟು, ಮೂಲೆಮೂಲೆ ತಡಕಿದೆ. ವಾರಂಟಿ '24+24' ತಿಂಗಳು ಎಂದರೆ ಮೊದಲರ್ಧ ಪುಕ್ಕಟೆ ಬದಲಿ, ಉಳಿದರ್ಧ ಬರೀ ರಿಯಾಯಿತಿ. ಈ ಕೂಡುಗುರುತಿನೊಳಗೆ ಎಷ್ಟು ಜಾಣತನ!

ಕೊನೆಗೆ ಹುಡುಗ ಹೊಸ ಬ್ಯಾಟರಿ ಕೂರಿಸಿ, ಹಳೆಯದಕ್ಕೆಂದು ಬಿಲ್ಲಿನಲ್ಲಿ ಹಣ ಕಳೆದ.

"ಕೆಟ್ಟು ಹೋಗಿರೋದಕ್ಕೂ ಇಷ್ಟು ಬೆಲೆನಾ?" ಎಂದಳು ಹೆಂಡತಿ.

"ಒಳಗೆ ಸೀಸ ಇರುತ್ತಲ್ಲ ಮೇಡಂ, ತೂಕಕ್ಕೆ ಹೋಗುತ್ತೆ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಬೇಗನೆ ಹೋಗಿ ಕಾರು ಸ್ಟಾರ್ಟ್ ಮಾಡಿದೆ.